ಹಿತ್ತಿಲ ಬಾಗಿಲಿನ ಮಾತು

'ಪ್ರಜಾಪ್ರಭುತ್ವದಲ್ಲಿ ಗುಟ್ಟಿನ ಮಾತುಕತೆ ಯಾಕೆ ಬೇಕು? ಜನರಿಗೆ ಹೇಳದೆ ಮಾಡುವುದೆಲ್ಲ ಮೋಸವೇ.'
– ನಿವೃತ್ತ ಶಿಕ್ಷಕರು, ಉಡುಪಿ

ಮಾಷ್ಟ್ರೇ, ನಿಮ್ಮ ಸಿಟ್ಟು ಅರ್ಥವಾಗುತ್ತದೆ. 1916ರಲ್ಲಿ ಬ್ರಿಟನ್, ಫ್ರಾನ್ಸ್ ಸೇರಿ ಅರಬರ ನೆಲವನ್ನು ಗುಟ್ಟಾಗಿ ಹಂಚಿಕೊಂಡವು. ಮರುವರ್ಷ ರಷ್ಯಾದ ಕ್ರಾಂತಿಕಾರರು ಆ ಕಾಗದ ಹೊರಗೆ ಹಾಕಿದರು. ಅದು ಮೋಸವೇ, ಒಪ್ಪಿದೆ.

ಆದರೆ ಗುಟ್ಟೆಲ್ಲ ಮೋಸ ಅನ್ನಬೇಡಿ. ಇಷ್ಟು ವರ್ಷ ಪಾಠ ಮಾಡಿದವರು ನೀವು. ತಪ್ಪು ಮಾಡಿದ ಹುಡುಗನನ್ನು ಪಕ್ಕಕ್ಕೆ ಕರೆದು ಕೇಳಿದರೆ ಒಪ್ಪಿಕೊಳ್ಳುತ್ತಾನೆ. ಇಡೀ ಕ್ಲಾಸಿನ ಮುಂದೆ ಕೇಳಿದರೆ ಒಪ್ಪುತ್ತಾನಾ?

1962ರ ಅಕ್ಟೋಬರ್ 27. ಅಮೆರಿಕದ ಪಕ್ಕದ ದ್ವೀಪ ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳು. ಅಮೆರಿಕದ ಒಂದು ವಿಮಾನವನ್ನು ಆ ದಿನ ಅಲ್ಲಿ ಹೊಡೆದುರುಳಿಸಿದ್ದರು. ರಾತ್ರಿ ಅಧ್ಯಕ್ಷ ಕೆನಡಿಯ ತಮ್ಮ ರಾಬರ್ಟ್, ಸೋವಿಯತ್ ರಾಯಭಾರಿ ದೊಬ್ರಿನಿನ್ ಅವರನ್ನು ಕರೆಸಿಕೊಂಡರು. ಕ್ಯೂಬಾದಿಂದ ನೀವು ತೆಗೆಯಿರಿ, ಟರ್ಕಿಯಲ್ಲಿರುವ ನಮ್ಮ ಕ್ಷಿಪಣಿಗಳೂ ಹೋಗುತ್ತವೆ, ಆದರೆ ಈ ಮಾತು ಹೊರಗೆ ಬರಬಾರದು ಎಂದರು. ಮರುದಿನವೇ ಸೋವಿಯತ್ ನಾಯಕ ಕ್ರುಶ್ಚೇವ್ ಹಿಂದೆ ಸರಿದರು. 1963ರ ಏಪ್ರಿಲ್ ಹೊತ್ತಿಗೆ ಟರ್ಕಿಯವೂ ಹೋದವು. ಇದನ್ನೇ ಟಿವಿ ಮುಂದೆ ಆಡಿದ್ದರೆ ಕೆನಡಿ ಹೆದರಿದರು ಎಂದು ಅವರ ಊರಿನವರೇ ಬೊಬ್ಬೆ ಹಾಕುತ್ತಿದ್ದರು.

ನಮ್ಮ ಮನೆಯಲ್ಲೂ ಹೀಗೊಂದು ನಡೆದಿತ್ತು. ಅಡಿಕೆ ತೋಟದ ನೀರಿನ ವಿಷಯದಲ್ಲಿ ಅಪ್ಪನಿಗೂ ದೊಡ್ಡಪ್ಪನಿಗೂ ಮಾತು ಬಿಟ್ಟಿತ್ತು. ಅತ್ತೆ ಒಂದು ಕಟ್ಟು ಬಸಳೆ ಹಿಡಿದು ಹಿತ್ತಿಲ ಬಾಗಿಲಿನಿಂದ ಬರುತ್ತಿದ್ದರು. ಅಮ್ಮನ ಜೊತೆ ಕೂತು ದಂಟು ಮುರಿಯುತ್ತ, 'ಅಣ್ಣ ಬೆಳಿಗ್ಗೆ ನೀರು ಬಿಡ್ಲಿಕ್ಕೆ ಒಪ್ತಾನೆ. ಆದ್ರೆ ಅವನ ಬಾಯಿಂದ ಹೇಳಿಸ್ಬೇಡಿ' ಅನ್ನುತ್ತಿದ್ದರು. ಅಪ್ಪ ಚಾವಡಿಯಲ್ಲಿ ಕೂತು ಕೇಳಿಯೂ ಕೇಳದ ಹಾಗೆ ಇರುತ್ತಿದ್ದರು. ಮೂರನೇ ಕಟ್ಟು ಬಸಳೆ ಬರುವಷ್ಟರಲ್ಲಿ ತೋಟಕ್ಕೆ ನೀರು ಬಂತು. ಯಾರೂ ಸೋತ ಹಾಗೆ ಆಗಲಿಲ್ಲ.

ಈಗ ಅಂಥ ಅತ್ತೆಯಂದಿರಿಗೆ ಜಾಗವೇ ಇಲ್ಲ. ನಾಯಕರು ಮಾತುಕತೆಗೆ ಒಳಗೆ ಹೋಗುವ ಮೊದಲೇ ಕ್ಯಾಮೆರಾ ಮುಂದೆ ಗುಡುಗುತ್ತಾರೆ. 'ಒಂದಿಂಚೂ ಬಗ್ಗುವುದಿಲ್ಲ' ಎಂದು ಊರಿಗೆಲ್ಲ ಹೇಳಿದವನು ಒಳಗೆ ಹೋಗಿ ಬಗ್ಗುವುದು ಹೇಗೆ? ಬಾಗಿಲಲ್ಲೇ ಮೈಕ್ ಹಿಡಿದು ನಿಲ್ಲುವ ನಮ್ಮ ಕಸುಬಿನವರದೂ ತಪ್ಪು ಜಾಸ್ತಿ ಇದೆ. ಕಳೆದ ವರ್ಷ ಮಂಗಳೂರಿನ ಹೊರವಲಯದ ಒಂದು ಊರಿನಲ್ಲಿ ಎರಡು ಗುಂಪಿನವರು ರಾಜಿಗೆ ಕೂತಿದ್ದರು. ಮಾತು ಹದಕ್ಕೆ ಬಂದಿತ್ತು. ಒಳಗಿದ್ದ ಒಬ್ಬ ಅದನ್ನು ರೆಕಾರ್ಡ್ ಮಾಡಿ ವಾಟ್ಸಾಪ್‌ಗೆ ಬಿಟ್ಟ. ಸಂಜೆಯೊಳಗೆ ರಾಜಿ ಮುರಿಯಿತು. ಇವತ್ತಿಗೂ ಅವರು ಬಸ್‌ಸ್ಟ್ಯಾಂಡಿನಲ್ಲಿ ಎದುರಾದರೆ ಮುಖ ತಿರುಗಿಸುತ್ತಾರೆ.