ಹಳೇ ಕಾಂಕ್ರೀಟ್ ಭವನದ ಪಕ್ಕ ಮರದ ಕ್ರೀಡಾಂಗಣ: ವಿನ್ಯಾಸ ಎಲ್ಲಿಂದ ಶುರು ಮಾಡಬೇಕು?

ನಿಮ್ಮ ಪ್ರಶ್ನೆ: ಮಲೆನಾಡಿನ ಪಟ್ಟಣದಲ್ಲಿ 1970ರ ದಶಕದ, ಗಾರೆ ಮೆತ್ತದ ಕಾಂಕ್ರೀಟಿನ ಎರಡಂತಸ್ತಿನ ಸಮುದಾಯ ಭವನವಿದೆ. ಅದರ ಪಕ್ಕದಲ್ಲೇ ನಾಲ್ಕು ಬ್ಯಾಡ್ಮಿಂಟನ್ ಅಂಕಣಗಳ ಮರದ ಕ್ರೀಡಾಂಗಣ ಕಟ್ಟಬೇಕು. ಎರಡೂ ಹೊಂದುವಂತೆ ಮಾಡುವುದು ಹೇಗೆ?

ಹೊರನೋಟವನ್ನು ಸದ್ಯಕ್ಕೆ ಬದಿಗಿಡಿ, ಅಂಕಣದ ಸೆಕ್ಷನ್ (ಕಟ್ಟಡವನ್ನು ಅಡ್ಡ ಸೀಳಿದಂತೆ ತೋರಿಸುವ ನಕ್ಷೆ) ಬರೆಯಿರಿ. ನಾಲ್ಕು ಅಂಕಣ ಸಾಲಾಗಿ ಕೂರಲು 34.5 × 20 ಮೀ. ನೆಲ, 7.5 ಮೀ. ಎತ್ತರ ಬೇಕು, ಸಮುದಾಯ ಕ್ರೀಡಾಂಗಣಗಳಿಗೆ ಇಂಗ್ಲೆಂಡಿನ ಕ್ರೀಡಾ ಸಂಸ್ಥೆ ಸ್ಪೋರ್ಟ್ ಇಂಗ್ಲೆಂಡ್ ಹೇಳುವ ಅಳತೆ ಇದು. 28 × 15 ಮೀ. ಬ್ಯಾಸ್ಕೆಟ್‌ಬಾಲ್ ಅಂಕಣವೂ ಸುತ್ತ 2 ಮೀ. ಬಿಟ್ಟು ಇದರಲ್ಲೇ ಹಿಡಿಯುತ್ತದೆ. ದೊಡ್ಡ ಅಂತರರಾಷ್ಟ್ರೀಯ ಟೂರ್ನಿಗಳಿಗೆ 12 ಮೀ. ಎತ್ತರ ಬೇಕು. ಆ ಆಸೆಯನ್ನು ಈ ಜಾಗದಲ್ಲಿ ಬಿಟ್ಟುಬಿಡಿ, ಹಳೇ ಕಟ್ಟಡ ಅದರ ಬುಡದಲ್ಲಿ ಕುಬ್ಜವಾಗಿಬಿಡುತ್ತದೆ.

20 ಮೀ. ಅಗಲಕ್ಕೆ ನೇರ ಗ್ಲೂಲ್ಯಾಮ್ (ಹಲಗೆಗಳನ್ನು ಪದರ ಪದರವಾಗಿ ಅಂಟಿಸಿದ ಮರ) ತೊಲೆ ಹಾಕಿದರೆ ಅದರ ಆಳವೇ 1.2 ಮೀ. ಆಸುಪಾಸು. ಮಾಡು ಸೇರಿ ಗೋಡೆ 9 ಮೀ. ಮುಟ್ಟುತ್ತದೆ. ನಾನು ಸೂಚಿಸುವುದು ಮೂರು ಹಿಂಜ್‌ಗಳ ಫ್ರೇಮ್ (ಎರಡು ಬುಡ ಮತ್ತು ನೆತ್ತಿಯಲ್ಲಿ ತಿರುಗಬಲ್ಲ ಕೀಲಿರುವ ಚೌಕಟ್ಟು), ಎರಡೂ ಕಡೆ 12 ಡಿಗ್ರಿ ಇಳಿಜಾರು, ನೆತ್ತಿ ಸರಿಯಾಗಿ ನೆಟ್‌ಗಳ ಸಾಲಿನ ಮೇಲೆ. ಅಂಕಣದ ಉದ್ದ 13.4 ಮೀ.; ಅದು 20 ಮೀ. ಅಡ್ಡಕ್ಕೆ ಕೂತಾಗ ಎರಡೂ ತುದಿಗೆ 3.3 ಮೀ. ಉಳಿಯುತ್ತದೆ. ಗೋಡೆಯ ಬಳಿ 6.8 ಮೀ. ಇಟ್ಟರೆ ಅಂಕಣದ ಹಿಂಗೆರೆಯ ಮೇಲೆ 7.5, ನೆಟ್ ಮೇಲೆ 8.9 ಮೀ. ಸಿಗುತ್ತದೆ. ಸೂರು ಮಾತ್ರ ಭವನದ ಪ್ಯಾರಪೆಟ್ ಎತ್ತರದ ಹತ್ತಿರವೇ ನಿಲ್ಲುತ್ತದೆ. ಇನ್ನೊಂದು ಲಾಭ: ಫ್ರೇಮ್ ಎರಡು ತುಂಡಾಗಿ ಬರುವುದರಿಂದ ಘಾಟಿಯ ತಿರುವಿನಲ್ಲಿ 20 ಮೀ. ತೊಲೆ ಹೊತ್ತ ಲಾರಿ ಸಿಕ್ಕಿಕೊಳ್ಳುವ ತಾಪತ್ರಯವಿಲ್ಲ.

ಫ್ರೇಮ್‌ಗಳ ಅಂತರವನ್ನು ಹಳೇ ಕಟ್ಟಡದ ಕಂಬಗಳಿಂದಲೇ ತೆಗೆದುಕೊಳ್ಳಿ. ಅಲ್ಲಿ 4.5 ಮೀ. ಇದ್ದರೆ ಇಲ್ಲೂ 4.5, ಎಂಟು ಅಂತರಕ್ಕೆ ಒಂಬತ್ತು ಫ್ರೇಮ್, ಉದ್ದ 36 ಮೀ. ಆಗುತ್ತದೆ. ನನ್ನ ಮಟ್ಟಿಗೆ ಹೊಂದಿಕೆ ಅಂದರೆ ಇಷ್ಟೇ. ಭವನದಲ್ಲಿ ಕಾಂಕ್ರೀಟಿನ ಬ್ರೀಸ್-ಸೊಲೇ (ಬಿಸಿಲು ತಡೆಯುವ ಹೊರ ಜಾಲರಿ) ಇದ್ದರೆ ಅದನ್ನು ಮರದಲ್ಲಿ ನಕಲು ಮಾಡಬೇಡಿ. ಆಟಗಾರರ ಕಣ್ಣು ಉದ್ದ ಗೋಡೆಗಳ ಕಡೆಗೇ ಇರುವುದರಿಂದ ಅಲ್ಲಿ ಹೇಗೂ ಕಿಟಕಿ ಇಡುವಂತಿಲ್ಲ, ಬೆಳಕಿಗೆ ಷಟಲ್ ಕಾಣುವುದಿಲ್ಲ. ಭವನದ ಕಡೆಗೆ ಕಿಟಕಿಯಿಲ್ಲದ, ಗಾಢ ಬಣ್ಣದ ಮರದ ಪಟ್ಟಿಗಳ ಗೋಡೆಯೇ ಇರಲಿ. ಆ ಹಿನ್ನೆಲೆಗೆ ಹಳೇ ಕಾಂಕ್ರೀಟ್ ಚೆನ್ನಾಗಿ ಎದ್ದು ಕಾಣುತ್ತದೆ. ಕಟ್ಟಡದ ಉದ್ದ ಉತ್ತರ-ದಕ್ಷಿಣವಿದ್ದರೆ ಬೆಳಕನ್ನು ಉತ್ತರದ ತ್ರಿಕೋನ ಗೋಡೆಯಿಂದ ತನ್ನಿ.

ಕಟ್ಟಡ ಕೆಡುವುದು ಎರಡರ ನಡುವಿನ ಸಂದಿಯಲ್ಲಿ. ಗಂಟೆಗೆ 100 ಮಿ.ಮೀ. ಮಳೆ ಹೊಡೆದರೆ 720 ಚ.ಮೀ. ಮಾಡಿನಿಂದ 72,000 ಲೀಟರ್ ನೀರು ಬರುತ್ತದೆ, ಅದರಲ್ಲಿ ಅರ್ಧ ಭವನದ ಕಡೆಗೆ. ಎರಡು ಗೋಡೆ ತಾಗಿಸಿ ನಡುವೆ ಕಣಿವೆ ದೋಣಿ (ಮಾಡಿನ ನೀರು ಸೇರುವ ಕಾಲುವೆ) ಇಟ್ಟಿರೋ, ಒಂದು ಮಳೆಗಾಲ ಎಲೆ ಕಟ್ಟಿಕೊಂಡರೆ ಸಾಕು, ನೀರು ಒಳಗೆ ಬಂದು ಫ್ರೇಮಿನ ಮೊಣಕೈ (ಕಂಬ ಮತ್ತು ಇಳಿಜಾರು ತೊಲೆ ಸೇರುವ ಮೂಲೆ) ಕೊಳೆಯಲು ಶುರುವಾಗುತ್ತದೆ. ಕನಿಷ್ಠ 5 ಮೀ. ಬಿಡಿ. 1.5 ಮೀ. ಸೂರು, ಅದರ ಕೆಳಗೆ ನೆಲದಲ್ಲಿ ತೆರೆದ ಚರಂಡಿ ಇರಲಿ. ದಾಟಲು ಹಗುರ ಮಾಡಿನ ನಡುದಾರಿ ಸಾಕು. ಅದರ ಕಂಬಗಳು ಹೊಸ ಕಡೆಯವೇ ಆಗಿರಲಿ, ಹಳೇ ಗೋಡೆಗೆ ಒಂದು ಆಂಕರ್ ಬೋಲ್ಟ್ ಕೂಡ ಹೊಡೆಯಬೇಡಿ. ಅಷ್ಟು ವರ್ಷದ ಕಾಂಕ್ರೀಟಿನಲ್ಲಿ ಕಂಬಿಯ ಮೇಲಿನ ಹೊದಿಕೆ ಎಷ್ಟು ಗಟ್ಟಿ ಉಳಿದಿದೆ ಅಂತ ಪರೀಕ್ಷಿಸಿದ ಮೇಲಷ್ಟೇ ಗೊತ್ತಾಗುತ್ತದೆ.

ಈ ಬಗೆಯ ಫ್ರೇಮ್ ಬುಡದಲ್ಲಿ ಹೊರಕ್ಕೆ ತಳ್ಳುತ್ತದೆ. ಆ ತಳ್ಳಾಟವನ್ನು ಮಣ್ಣಿಗೆ ಬಿಡದೆ ನೆಲದಡಿ ಆರ್‌ಸಿಸಿ (ಕಂಬಿ ಹಾಕಿದ ಕಾಂಕ್ರೀಟಿನ) ಟೈ ಬೀಮ್‌ನಿಂದ, ಅಂದರೆ ಎರಡೂ ಬುಡಗಳನ್ನು ಎಳೆದು ಹಿಡಿಯುವ ತೊಲೆಯಿಂದ, ಅವನ್ನು ಕಟ್ಟಿ. ಆಗ ಪಾಯ ಚಿಕ್ಕದಾಗುತ್ತದೆ, ಹಳೇ ಪಾಯದ ಹತ್ತಿರ ಆಳ ಅಗೆಯುವ ಅಪಾಯ ತಪ್ಪುತ್ತದೆ. ಹಳೇ ನಕ್ಷೆ ನಂಬದೆ ಒಂದು ಪರೀಕ್ಷಾ ಗುಂಡಿ ತೋಡಿ ನೋಡಿ.

ಇನ್ನು ಮರ. ಕಾರ್ಖಾನೆಯಿಂದ ಸುಮಾರು 12% ತೇವದಲ್ಲಿ ಬಂದದ್ದು ಮಲೆನಾಡಿನ ಮಳೆಗಾಲದಲ್ಲಿ 17% ತಲುಪಬಹುದು. ಮರದ ನಾರಿಗೆ ಅಡ್ಡಲಾಗಿ ಪ್ರತಿ 1% ತೇವಕ್ಕೆ ಸುಮಾರು 0.24% ಹಿಗ್ಗುತ್ತದೆ ಅಂದರೆ 1.2 ಮೀ. ಆಳದ ಮೊಣಕೈ 14 ಮಿ.ಮೀ. ಬೆಳೆಯುತ್ತದೆ, ಬೇಸಿಗೆಯಲ್ಲಿ ಮತ್ತೆ ಕುಗ್ಗುತ್ತದೆ. ಮೇಲೊಂದು ಕೆಳಗೊಂದು ಬೋಲ್ಟ್‌ಗಳನ್ನು ಒಂದೇ ಉಕ್ಕಿನ ತಗಡಿಗೆ ಬಿಗಿದರೆ ನಡುವೆ ಮರ ಸೀಳುತ್ತದೆ. ಬೋಲ್ಟ್ ತೂತು ಉದ್ದುದ್ದ ಕೊರೆಯಿರಿ, ಇಲ್ಲವೇ ತಗಡನ್ನೇ ಎರಡು ಮಾಡಿ.

ಅಂಟಿನ ವಿಷಯದಲ್ಲಿ ರಾಜಿ ಬೇಡ. ಜರ್ಮನಿಯ ಬಾಡ್ ರೈಷನ್‌ಹಾಲ್‌ನಲ್ಲಿ 2006ರ ಜನವರಿ 2ರಂದು ಐಸ್ ರಿಂಕ್‌ನ ಮರದ ಮಾಡು ಕುಸಿದು 15 ಜನ ಸತ್ತರು. ಹೊತ್ತದ್ದು ಹಿಮದ ಭಾರವಾದರೂ, ವರ್ಷಗಟ್ಟಲೆ ತೇವಕ್ಕೆ ಸೋತಿದ್ದು ತೊಲೆಗಳ ಯೂರಿಯಾ-ಫಾರ್ಮಾಲ್ಡಿಹೈಡ್ ಅಂಟು. ಟೆಂಡರ್‌ನಲ್ಲೇ ಫೀನಾಲ್-ರಿಸಾರ್ಸಿನಾಲ್ ಅಂಟು ಅಂತ ಬರೆಯಿರಿ. ಪೈನ್, ಸ್ಪ್ರೂಸ್ ಮರಕ್ಕೆ ಗೆದ್ದಲು ತಡೆಯುವ ಗುಣವಿಲ್ಲ. ಮರಕ್ಕೆ ಭಾರತೀಯ ಮಾನಕ ಐಎಸ್ 401, ಮಣ್ಣಿಗೆ ಐಎಸ್ 6313ರಂತೆ ಉಪಚಾರ ಆಗಲೇಬೇಕು. ಬುಡದ ಉಕ್ಕಿನ ಶೂ (ಮರದ ಕಾಲು ಕೂರುವ ಪಾದ) ನೆಲದಿಂದ 300 ಮಿ.ಮೀ. ಮೇಲಿರಲಿ, ತಳದಲ್ಲಿ ನೀರು ಹರಿದುಹೋಗಲು ತೂತಿರಲಿ.

ಬೆಂಕಿಯ ಭಯಕ್ಕೆ ಲೆಕ್ಕವಿದೆ: ಗ್ಲೂಲ್ಯಾಮ್ ನಿಮಿಷಕ್ಕೆ ಸುಮಾರು 0.7 ಮಿ.ಮೀ. ಕರಕಾಗುತ್ತದೆ. 60 ನಿಮಿಷಕ್ಕೆ 42, ಸುರಕ್ಷತೆಗೆ ಇನ್ನೂ 7 ಸೇರಿಸಿ, ಬೆಂಕಿ ತಗಲುವ ಪ್ರತಿ ಮುಖಕ್ಕೂ 49 ಮಿ.ಮೀ. ಹೆಚ್ಚುವರಿ ದಪ್ಪ ಇಡಿ. ಜೋಡಣೆಯ ಉಕ್ಕಿನ ತಗಡುಗಳನ್ನೂ ಅಷ್ಟೇ ಮರದೊಳಗೆ ಹುದುಗಿಸಿ.

ಶೌಚಾಲಯ, ಬಟ್ಟೆ ಬದಲಿಸುವ ಕೋಣೆಗಳನ್ನು ಮಾತ್ರ ಮರದಲ್ಲಿ ಮಾಡಬೇಡಿ. ಕಲ್ಲು ಇಲ್ಲವೇ ಇಟ್ಟಿಗೆಯಲ್ಲಿ ಪ್ರತ್ಯೇಕ ತಗ್ಗು ಕಟ್ಟಡವಾಗಿ ದಕ್ಷಿಣದ ತುದಿಗೆ ಸೇರಿಸಿ.