ಹಂದಿಯ ಕಾರ್ನಿಯಾ ನಮ್ಮ ಕಣ್ಣಿಗೆ ಒಗ್ಗುತ್ತದೆಯೇ?

ಪ್ರಶ್ನೆ: ಕಬ್ಬು ಕಡಿಯುವಾಗ ನಮ್ಮ ಕಾಕಾನ ಕಣ್ಣಿಗೆ ರವದಿ ಬಡಿದು ಹುಣ್ಣಾಯಿತು. ಹುಣ್ಣು ಮಾಯ್ದರೂ ಬಿಳಿ ಕಲೆ ಉಳಿದಿದೆ. ಕಾರ್ನಿಯಾ (ಕಣ್ಣಿನ ಮುಂಭಾಗದ ತಿಳಿ ಪದರ) ಬದಲಿಸಬೇಕು, ದಾನಿ ಸಿಗುವವರೆಗೆ ಕಾಯಿರಿ ಎಂದಿದ್ದಾರೆ. ಈಗ ಹಂದಿಯದನ್ನೇ ಹಾಕುತ್ತಾರಂತೆ, ದೇಹ ಅದನ್ನು ತಿರಸ್ಕರಿಸದ ಹಾಗೆ ಮಾಡುವ ಔಷಧಿಯೂ ಬಂದಿದೆಯಂತೆ. ವಾಟ್ಸ್ಆಪ್‌ನಲ್ಲಿ ನೋಡಿದೆ. ಅದಕ್ಕೇ ಕಾಯಬಹುದೇ?
(ಓದುಗರೊಬ್ಬರು, ಜಮಖಂಡಿ)

ಉತ್ತರ: ಕಾಯಬೇಡಿ. ಮನುಷ್ಯರ ಕಾರ್ನಿಯಾ ಸಿಕ್ಕರೆ ಹಾಕಿಸಿಬಿಡಿ.

ವಾಟ್ಸ್ಆಪ್‌ನವರು ಎರಡು ಬೇರೆ ಸುದ್ದಿಗಳನ್ನು ಒಂದೇ ಮಾಡಿದ್ದಾರೆ: ಜನರಿಗೆ ಹಾಕಿದ ಹಂದಿಯ ಪದರ ಒಂದು, ತಿರಸ್ಕಾರ ತಡೆಯುವ ಔಷಧಿ ಇನ್ನೊಂದು. 2015ರಲ್ಲಿ ಚೀನಾ ಒಪ್ಪಿಗೆ ಕೊಟ್ಟ ಹಂದಿಯ ಕಾರ್ನಿಯಾದಲ್ಲಿ ಜೀವಕೋಶಗಳೇ ಇರುವುದಿಲ್ಲ, ತೊಳೆದು ತೆಗೆದಿರುತ್ತಾರೆ. 2022ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಹಂದಿ ಚರ್ಮದ ಕೊಲಾಜನ್ ಎಂಬ ಪ್ರೋಟೀನಿನಿಂದ ಮಾಡಿದ ಪದರವನ್ನು ಇರಾನ್ ಮತ್ತು ಭಾರತದ 20 ಜನರಿಗೆ ಹಾಕಿದರು. ಇವರಿಗೆಲ್ಲ ಕಾರ್ನಿಯಾ ತೆಳುವಾಗಿ ಮುಂದೆ ಚಾಚುವ ತೊಂದರೆ ಇತ್ತು. ಫಲಿತಾಂಶ ಚೆನ್ನಾಗಿತ್ತು. ಆದರೆ ಇವೆರಡರಲ್ಲೂ ಜೀವವಿಲ್ಲ, ಹಾಗಾಗಿ ದೇಹ ಜಗಳ ತೆಗೆಯುವುದೂ ಕಡಿಮೆ. ಕಾರ್ನಿಯಾದ ಒಳಗಿನ ಪದರ ಹಾಳಾಗಿದ್ದರೆ ಇವು ಸಾಲುವುದಿಲ್ಲ. ನೀರು ಹೊರಹಾಕಿ ಕಾರ್ನಿಯಾವನ್ನು ತಿಳಿಯಾಗಿಡುವುದು ಆ ಪದರದ ಜೀವಕೋಶಗಳೇ. ಜೀವ ಇರುವುದನ್ನು ಹಾಕಿದಾಗಲೇ ನಿಜವಾದ ಪೇಚು.

ಸಾಮಾನ್ಯವಾಗಿ ಕಾರ್ನಿಯಾ ಪುಣ್ಯ ಮಾಡಿದ ಅಂಗ. ಅದರಲ್ಲಿ ರಕ್ತನಾಳವಿಲ್ಲ, ಹೀಗಾಗಿ ಕಾವಲು ಕಣಗಳಿಗೆ ಸುದ್ದಿ ಮುಟ್ಟುವುದೇ ತಡ. ಇನ್ನೂ ಒಂದು ಸೋಜಿಗವಿದೆ. ಕಣ್ಣಿನ ಮುಂದಿನ ಕೋಣೆಯೊಳಗೆ ಅನ್ಯ ವಸ್ತು ಬಿದ್ದರೆ ದೇಹ ಅದರ ಮೇಲೆ ಏರಿ ಹೋಗುವ ಬದಲು ಸಹಿಸಿಕೊಳ್ಳಲು ಕಲಿಯುತ್ತದೆ ಎಂದು ಅಮೆರಿಕದ ವಿಜ್ಞಾನಿ ವೇಯ್ನ್ ಸ್ಟ್ರೈಲೀನ್ ಮತ್ತು ಜೊತೆಯವರು ಇಲಿಗಳಲ್ಲಿ ತೋರಿಸಿದರು. ಈ ಕಲಿಕೆಯನ್ನು ಬೇಕೆಂದೇ ಮಾಡಿಸಬಹುದಾ ಎನ್ನುವುದೇ ಇಡೀ ಸಂಶೋಧನೆ.

ಹಂದಿಯದಾದರೆ ಕಷ್ಟ ಜಾಸ್ತಿ. ಅದರ ಜೀವಕೋಶಗಳ ಮೇಲೆ ಆಲ್ಫಾ-ಗ್ಯಾಲ್ ಎಂಬ ಸಕ್ಕರೆ ಇರುತ್ತದೆ, ಅದಕ್ಕೆ ನಮ್ಮ ರಕ್ತದಲ್ಲಿ ಮೊದಲೇ ಪ್ರತಿಕಾಯಗಳಿವೆ. ಆ ಸಕ್ಕರೆ ತಯಾರಿಸುವ ಜೀನ್ ತೆಗೆದ ಹಂದಿಗಳನ್ನು ಬೆಳೆಸಿದ್ದಾರೆ, ಆದರೂ ಟಿ ಕಣಗಳ (ದಾಳಿ ಮಾಡುವ ಒಂದು ಬಗೆಯ ಬಿಳಿ ರಕ್ತಕಣಗಳ) ಕಾಟ ತಪ್ಪುವುದಿಲ್ಲ. ಟಿ ಕಣ ದಾಳಿಗಿಳಿಯಬೇಕಾದರೆ ಎರಡು ಸಂಕೇತ ಬೇಕು, ಬ್ಯಾಂಕ್ ಲಾಕರ್‌ಗೆ ಎರಡು ಕೀಲಿ ಬೇಕಾದ ಹಾಗೆ. ಎರಡನೆಯದನ್ನು ತಡೆದರೆ ಕಣ ಸುಮ್ಮನಾಗುತ್ತದೆ. ಹೀಗೆ ಎರಡನೆಯ ಸಂಕೇತಕ್ಕೆ ಬೇಕಾದ ಸಿಡಿ154 ಎಂಬ ಕೊಂಡಿಯನ್ನು ತಡೆದು ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಕೋತಿಗಳ ಕಣ್ಣಲ್ಲಿ ಹಂದಿಯ ಕಾರ್ನಿಯಾವನ್ನು ತಿಂಗಳುಗಟ್ಟಲೆ ಉಳಿಸಿದ್ದಾರೆ. ಆದರೆ ಈ ಜಾತಿಯ ಮೊದಲ ಔಷಧಿಗಳನ್ನು ಬೇರೆ ಕಾಯಿಲೆಗಳಿಗೆ ಮನುಷ್ಯರಲ್ಲಿ ಪರೀಕ್ಷಿಸಿದಾಗ ರಕ್ತ ಹೆಪ್ಪುಗಟ್ಟಿತು. ಅದಕ್ಕೇ ಈಗ ಕೊಂಡಿಯ ಇನ್ನೊಂದು ತುದಿಯಾದ ಸಿಡಿ40ಯನ್ನು ತಡೆದು ನೋಡುತ್ತಿದ್ದಾರೆ. ಕಣ್ಣೊಂದಕ್ಕೋಸ್ಕರ ಇಡೀ ಮೈಯ ರಕ್ಷಣೆಯನ್ನು ಮಂಕು ಮಾಡುವುದು ನನಗಂತೂ ದುಬಾರಿ ಅನಿಸುತ್ತದೆ. ಹಂದಿಯ ವೈರಸ್ಸುಗಳ ಚಿಂತೆ ಬೇರೆ.

ಕಾಕಾ ಅವರ ಡಾಕ್ಟರ್‌ಗೆ ಒಂದು ಮಾತು ಕೇಳಿ: ಕಲೆಯೊಳಗೆ ರಕ್ತನಾಳ ಬೆಳೆದಿದೆಯೇ? ಹುಣ್ಣಾದ ಕಣ್ಣಲ್ಲಿ ಹೀಗಾಗುತ್ತದೆ. ಬೆಳೆದಿದ್ದರೆ ಮನುಷ್ಯರ ಕಾರ್ನಿಯಾವನ್ನೂ ದೇಹ ತಿರಸ್ಕರಿಸುವ ಭಯ ಹೆಚ್ಚು. ಆಪರೇಶನ್ ಆದಮೇಲೆ ಕಣ್ಣು ಕೆಂಪಾದರೆ, ನೋವಾದರೆ, ಬೆಳಕು ಚುಚ್ಚಿದರೆ, ಮಂಜಾದರೆ ಅವತ್ತೇ ಹೋಗಿ ತೋರಿಸಿ. ಕಣ್ಣು ಸರಿಯಿದೆ ಅಂತ ಡ್ರಾಪ್ಸ್ ನೀವೇ ನಿಲ್ಲಿಸಬೇಡಿ.

ಪ್ರಶ್ನೆ: ಅಪ್ಪಾಜಿಗೆ ಸಕ್ಕರೆ ಕಾಯಿಲೆ, ಪೊರೆ ಆಪರೇಶನ್ ಆಗಿದೆ. ಕಣ್ಣು ದಾನ ಮಾಡಬಹುದೇ?
(ಓದುಗರೊಬ್ಬರು, ಇಂಡಿ)

ಉತ್ತರ: ಧಾರಾಳವಾಗಿ. ಬೀಳಗಿಯ ಡಾ. ಎಂ.ಸಿ. ಮೋದಿಯವರ ಶಿಬಿರಗಳಿಂದಾಗಿ ನಮ್ಮ ಕಡೆ ಪೊರೆ ಆಪರೇಶನ್ ಗೊತ್ತಿಲ್ಲದ ಮನೆಯಿಲ್ಲ, ಅಲ್ವಾ? ಅದರಲ್ಲಿ ತೆಗೆಯುವುದು ಒಳಗಿನ ಲೆನ್ಸ್. ಕಾರ್ನಿಯಾ ಹೊರಗಡೆ ಹಾಗೇ ಇರುತ್ತದೆ. ತೀರಿಕೊಂಡ 6 ಗಂಟೆಯೊಳಗೆ ತೆಗೆಯಬೇಕು, ಹಾಗಾಗಿ ಹತ್ತಿರದ ನೇತ್ರ ಬ್ಯಾಂಕಿನ ನಂಬರ್ ಈಗಲೇ ಬರೆದಿಟ್ಟುಕೊಳ್ಳಿ. ಅವರು ಬರುವವರೆಗೆ ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಿ, ತಲೆಯ ಕೆಳಗೆ ದಿಂಬು ಕೊಡಿ, ಫ್ಯಾನ್ ಬಂದ್ ಮಾಡಿ.