ಎಳೆಯ ಗೋಲ್‌ಕೀಪರ್‌ನಲ್ಲಿ ಏನು ನೋಡಬೇಕು?

ಪ್ರಶ್ನೆ: ಹದಿನೆಂಟರ ಫುಟ್‌ಬಾಲ್ ಗೋಲ್‌ಕೀಪರ್ ಅಂತಾರಾಷ್ಟ್ರೀಯ ಮಟ್ಟಕ್ಕೆ ಏರಬಲ್ಲನೇ ಎಂದು ತಿಳಿಯಲು ಕ್ಲೀನ್ ಶೀಟ್ (ಒಂದೂ ಗೋಲು ಬಿಡದ ಪಂದ್ಯ) ಲೆಕ್ಕ ಸಾಕೇ?

ಉತ್ತರ: ಸಾಲದು. ಡಿಫೆನ್ಸ್ ಗಟ್ಟಿಯಿದ್ದರೆ ಸಾಧಾರಣ ಕೀಪರ್‌ಗೂ ಅದು ಸಿಗುತ್ತದೆ. ಹಾರಿ ಹಿಡಿಯುವ ಚೆಂದಕ್ಕೂ ಮರುಳಾಗಬೇಡಿ. ಎಷ್ಟೋ ಸಲ ನಿಂತ ಜಾಗ ತಪ್ಪಿದ್ದಕ್ಕೇ ಹಾರಬೇಕಾಗಿ ಬಂದಿರುತ್ತದೆ. ಎದುರಾಳಿ ಒದೆಯುವ ಕ್ಷಣದಲ್ಲಿ ಕೀಪರ್‌ನ ಕಾಲು ನೋಡಿ: ಎರಡೂ ಪಾದ ನೆಲದಲ್ಲಿ, ಭಾರ ಮುಂಗಾಲಿನ ಮೇಲಿರಬೇಕು. ಇನ್ನೂ ಹೆಜ್ಜೆ ಹಾಕುತ್ತಿದ್ದರೆ ಪಕ್ಕದಲ್ಲೇ ಹೋಗುವ ಚೆಂಡೂ ಕೈತಪ್ಪುತ್ತದೆ. ತಡೆದ ಚೆಂಡು ಬದಿಗೆ ಸರಿಯುತ್ತದೆಯೋ, ಸ್ಟ್ರೈಕರ್ ಕಾಲಿಗೇ ಬೀಳುತ್ತದೆಯೋ ಗಮನಿಸಿ.

ವಯಸ್ಸಿನ ಬಗ್ಗೆ ಆತುರ ಬೇಡ. 2015ರಲ್ಲಿ 16ನೇ ವಯಸ್ಸಿಗೇ ಇಟಲಿಯ ಎಸಿ ಮಿಲಾನ್ ಕ್ಲಬ್‌ನ ಗೋಲು ಕಾಯ್ದ ಡೊನ್ನರುಮ್ಮ ಅಪವಾದ. ಈ ಜಾಗದಲ್ಲಿ ಬಹುತೇಕರು ಮಾಗುವುದು ತಡವಾಗಿಯೇ. ಸುಲಭದ ಗೋಲು ಬಿಟ್ಟ ಮೇಲೆ ಬರುವ ಮೊದಲ ಕ್ರಾಸ್‌ಗೆ (ಬದಿಯಿಂದ ಗೋಲಿನ ಮುಂದಕ್ಕೆ ಒದ್ದ ಚೆಂಡಿಗೆ) ಅವನು ಮುಂದೆ ಬರುತ್ತಾನೋ, ಗೋಲು ಗೆರೆಗೇ ಅಂಟಿಕೊಳ್ಳುತ್ತಾನೋ ಅದನ್ನಂತೂ ತಪ್ಪದೆ ನೋಡಿ.